ಬೇಳೆ ಬೇಯುವ ನೀರು

ನಮ್ಮ ಮನೆಯಲ್ಲಿ ಊಟದ ತಟ್ಟೆ ಹಾರುತ್ತಿದ್ದುದು ಬೇಳೆಯ ಕಾರಣಕ್ಕೆ. ವಯಸ್ಸಾದವರು ಚಿಕ್ಕಂದಿನ ಜಗಳಗಳನ್ನು ನೆನೆದು ನಗುತ್ತಾರೆ ಎಂದು ಕೇಳಿದ್ದೇನೆ. ನನಗೆ ನಗು ಬರುವುದಿಲ್ಲ. ಸಿಂಧನೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು, ಉಪ್ಪು ನೀರಿನಲ್ಲಿ ಹೇಗೆ ಕರಗುತ್ತದೆ ಎಂಬ ಪಾಠವನ್ನು ಬಾಯಿಪಾಠವಾಗುವಷ್ಟು ಸಲ ಮಾಡಿ, ನಿವೃತ್ತಳಾಗಿ ಕೂತಿರುವ ಈ ಹೊತ್ತಿಗೂ ಹಿತ್ತಾಳೆ ತಟ್ಟೆ ಗೋಡೆಗೆ ಬಡಿದ ಸದ್ದು ನೆನಪಾದರೆ ನನ್ನ ಕೈ ತಾನಾಗಿ ಬಿಗಿಯುತ್ತದೆ. ಮಸ್ಕಿಯಿಂದ ಪಾಮನಕಲ್ಲೂರಿನ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಕಾಲುವೆಯ ನೀರೆಲ್ಲ ತುರ್ವಿಹಾಳದ ಕಡೆಯ ಭತ್ತದ ಗದ್ದೆಗಳಿಗೆ ಹೋಗುತ್ತಿತ್ತು. ನಮ್ಮದು ಜೋಳ, ತೊಗರಿ, ಮತ್ತು ಮೇಲೆ ನೋಡುತ್ತ ಕೂರುವ ಕೆಲಸ. ಮನೆ ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ಹಿಂದೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಪಕ್ಕದಲ್ಲಿ ಬಚ್ಚಲು. ಅಪ್ಪನೂ ಅವನ ತಮ್ಮನೂ ಪಾಲಾದ ಮೇಲೆ ಅಂಗಳದ ನಡುವೆ ಎದೆಯೆತ್ತರದ ಗೋಡೆಯೊಂದು ಎದ್ದಿತ್ತು. ಗೋಡೆಯ ಆಚೆ ಕಾಕಾ ಮತ್ತು ಚಿಗವ್ವ, ಈಚೆ ನಾವು.

ಎರಡೂ ಮನೆಯವರು ಕುಡಿಯುತ್ತಿದ್ದುದು ಊರಾಚೆಯ ಹಳೇ ಬಾವಿಯ ನೀರನ್ನು. ಅದು ಸವಳು ನೀರು. ಬಾಯಿಗೆ ಒಗರು, ಮೈಗೆ ಒರಟು. ಸೋಪು ಹಚ್ಚಿದರೆ ನೊರೆ ಬರುವುದಿಲ್ಲ, ತಲೆಗೂದಲಿಗೆ ಬಿಳಿ ಜಿಡ್ಡು ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಆ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಅವ್ವ ನಸುಕಿನಲ್ಲೇ ಬೇಳೆ ನೆನೆಹಾಕುತ್ತಿದ್ದಳು, ಚಿಟಿಕೆ ಸೋಡಾ ಹಾಕುತ್ತಿದ್ದಳು, ಹತ್ತಿಕಟ್ಟಿಗೆ ತುರುಕಿ ತುರುಕಿ ಊದುತ್ತಿದ್ದಳು, ಕಡಗೋಲು ಹಿಡಿದು ಕಡೆಯುತ್ತಿದ್ದಳು. ಬೇಳೆ ಹಳದಿ ನೀರಿನಲ್ಲಿ ಮುಳುಗಿ ಹಾಗೆಯೇ ಕೂತಿರುತ್ತಿತ್ತು. ಬಿಸಿ ಮಾಡಿದರೆ, ಕಲಕಿದರೆ, ಪುಡಿ ಮಾಡಿದರೆ ಯಾವುದೇ ವಸ್ತು ಬೇಗ ಕರಗುತ್ತದೆ ಎಂದು ಮುಂದೆ ನಾನು ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆಸಿದ ಮಾತುಗಳನ್ನೆಲ್ಲ ಅವ್ವ ಓದುಬರಹವಿಲ್ಲದೆ ದಿನವೂ ಮಾಡಿ ನೋಡಿ ಸೋತಿದ್ದಳು. ಮಧ್ಯಾಹ್ನ ಅಪ್ಪ ಹೊಲದಿಂದ ಬಂದು ರೊಟ್ಟಿ ಮುರಿದು, ಬೇಳೆ ಕಲಸಿ, ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸುತ್ತಿದ್ದ.

"ಇವು ಬ್ಯಾಳಿ ಏನಬೇ, ಕಲ್ಲಿನ ಹಳ್ಳೇನು? ನಿನಗ ಅಡಿಗಿ ಕಲಿಸಿದವರು ಯಾರು?"

"ನೀರು ಹಂಗ ಅದಾವ. ನಾ ಏನ ಮಾಡ್ಲಿ?"

"ಅದೇ ನೀರಾಗ ನಮ್ಮವ್ವ ಮಾಡಿ ಹಾಕಿಲ್ಲೇನು?"

ಅಪ್ಪನ ಅವ್ವ, ನಮ್ಮ ಅಜ್ಜಿ, ಪಡಸಾಲೆಯ ಕಂಬಕ್ಕೆ ಒರಗಿ ಅಡಿಕೆ ಕುಟ್ಟುತ್ತ ಕೂತಿರುತ್ತಿದ್ದಳು. ತನ್ನ ಕಾಲದಲ್ಲೂ ಬೇಳೆ ಬೇಯುತ್ತಿರಲಿಲ್ಲ ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ತಟ್ಟೆ ಹಾರಿ ಗೋಡೆಗೆ ಬಡಿಯುತ್ತಿತ್ತು, ಅವ್ವ ಬಗ್ಗಿ ಒಂದೊಂದೇ ಬೇಳೆ ಆರಿಸಿ ದನದ ಬಾನಿಗೆ ಹಾಕುತ್ತಿದ್ದಳು. ಆ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ ಹೊಲ ಎಷ್ಟು ಎಂದು ಕೇಳುವಂತೆ, ನಿಮ್ಮೂರ ನೀರಿನಾಗ ಬೇಳೆ ಬೇಯ್ತಾವೇನು ಎಂದೂ ಕೇಳುತ್ತಿದ್ದರು. ಅವ್ವನ ತವರಿನವರು ಅದನ್ನು ಕೇಳಲು ಮರೆತಿದ್ದರು. ಆ ಮರೆವಿನ ಶಿಕ್ಷೆಯನ್ನು ಅವ್ವ ಹತ್ತು ವರ್ಷ ಉಂಡಳು.

ನನಗೆ ಎಂಟು ವರ್ಷವಾದಾಗ ಅಪ್ಪ ಮನೆಯ ಮುಂದೆ ಬೋರು ಹಾಕಿಸಿದ. ಲಾರಿಯ ಮೇಲೆ ಬಂದ ಯಂತ್ರ ಎರಡು ದಿನ ಬಂಡೆ ಕೊರೆಯಿತು. ಓಣಿಯ ಮನೆಗಳ ಮೇಲೆ, ಎಮ್ಮೆಯ ಬೆನ್ನ ಮೇಲೆ, ನಮ್ಮ ಕಣ್ಣರೆಪ್ಪೆಯ ಮೇಲೆ ಬಿಳಿ ಕಲ್ಲುಪುಡಿ ಕೂತಿತ್ತು. ನೀರು ಬಂದಾಗ ಅವ್ವ ಐದು ಮುತ್ತೈದೆಯರನ್ನು ಕರೆದು ಗಂಗಿಪೂಜೆ ಮಾಡಿದಳು. ಆದರೆ ಊರಿನವರಿಗೆ ಪೂಜೆಗಿಂತ ದೊಡ್ಡದು ಬೇಳೆ ನೋಡುವುದು. ಹೊಸ ನೀರು ಸಿಕ್ಕರೆ ಅಲ್ಲೇ ಮೂರು ಕಲ್ಲು ಇಟ್ಟು, ಅದೇ ನೀರಿನಲ್ಲಿ ಒಂದು ಮುಷ್ಟಿ ತೊಗರಿಬೇಳೆ ಬೇಯಿಸಿ ನೋಡಬೇಕು; ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ದನಕ್ಕೆ. ನೀರಿಗೆ ಬೇರೆ ಪರೀಕ್ಷೆ ನಮಗೆ ಗೊತ್ತಿರಲಿಲ್ಲ. ಅಜ್ಜಿಯೇ ಬೇಳೆ ಹಾಕಿದಳು. ಓಣಿಯವರೆಲ್ಲ ಸುತ್ತ ಕೂತರು. ಅವಳು ಸೌಟಿನಿಂದ ನಾಲ್ಕು ಕಾಳು ತೆಗೆದು ಎರಡು ಬೆರಳಿನ ನಡುವೆ ಒತ್ತಿದಳು.

"ಕರಗಿ ಹೋಗ್ಯಾವ! ಕೈಗಿ ಸಿಗವಲ್ವು, ನೋಡ್ರಿ!"

ಅಪ್ಪ ಎದೆಯುಬ್ಬಿಸಿ ನಿಂತಿದ್ದ. ಏಳು ತಿಂಗಳ ಬಸುರಿಯಾಗಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ದಿನ ಅವಳು ನನ್ನ ತಲೆಗೆ ಸೋಪು ಹಚ್ಚಿದಾಗ ನೊರೆ ಕಿವಿಯವರೆಗೆ ಇಳಿಯಿತು, ನಾನು ಊದಿ ಊದಿ ಆಡಿದೆ. ನೀರು ತಿಳಿಯಾಗಿತ್ತು, ಸಿಹಿಯಾಗಿತ್ತು. ಎರಡು ತಿಂಗಳ ಮೇಲೆ ಹುಟ್ಟಿದ ನನ್ನ ತಂಗಿಗೆ ಗಂಗೆ ಬಂದ ವರ್ಷದ ಮಗಳೆಂದು ಗಂಗಮ್ಮ ಎಂದೇ ಹೆಸರಿಟ್ಟರು.

ಆದರೆ ಅಪ್ಪನಿಗೆ ಒಳ್ಳೆಯದು ಸಿಕ್ಕಿದರೆ ಅದರಿಂದ ಒಬ್ಬರನ್ನಾದರೂ ಚುಚ್ಚದೆ ಸಮಾಧಾನವಿಲ್ಲ. ಅಂಗಳದ ಗೋಡೆ ಒಂದು ಗೇಣು ಆಚೆ ಈಚೆ ಆಗಿದೆ ಎಂಬ ಹಳೆಯ ಜಗಳವನ್ನು ಅವನು ಪಂಪಿನ ಮುಂದೆ ನಿಂತು ತೆಗೆದ.

"ಯಾರರ ಬರ್ರಿ, ಖುಲ್ಲಾ ಐತಿ. ನಮ್ಮ ತಮ್ಮನ ಮನಿಯವ್ರು ಮಾತ್ರ ನನ್ನ ಕೇಳಿ ತುಂಬಬೇಕು."

ಚಿಗವ್ವ ಈರಮ್ಮ ಆಗಲೇ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಳು. ತಂದಿದ್ದ ಕೊಡವನ್ನು ಅಲ್ಲೇ ಮಗುಚಿದಳು.

"ಈ ಬೋರಿನ ಒಂದು ಹನಿ ನೀರು ನಮ್ಮ ಹೊಸ್ತಿಲಾ ದಾಟಿದ್ರ ನನ್ನ ಹೆಸರು ಈರಮ್ಮಲ್ಲ."

ಅವಳು ಮಾತು ಉಳಿಸಿಕೊಂಡಳು. ಬಿಸಿಲಿರಲಿ, ಜ್ವರವಿರಲಿ, ಹಗ್ಗ ಹೆಗಲಿಗೆ ಹಾಕಿಕೊಂಡು ಹಳೇ ಬಾವಿಗೇ ಹೋದಳು. ಅವಳ ಇಬ್ಬರು ಮಕ್ಕಳು ಅರೆಬೆಂದ ಬೇಳೆ ಜಗಿಯುತ್ತ ಬೆಳೆದರು. ನಾವು ಗೋಡೆಯ ಮೇಲೆ ಗದ್ದವಿಟ್ಟು ಅವರನ್ನು ಹಳ್ಳು ತಿನ್ನೋರು ಎಂದು ಕಾಡಿಸುತ್ತಿದ್ದೆವು. ಅವ್ವ ಕೂಡ ಬೈಯಲಿಲ್ಲ. ಅವಳ ಬದುಕಿನಲ್ಲಿ ಮೊದಲ ಸಲ ತಟ್ಟೆ ಹಾರುವುದು ನಿಂತಿತ್ತು, ಆ ಸುಖದಲ್ಲಿ ಅವಳಿಗೆ ಗೋಡೆಯ ಆಚೆಯದು ಕಾಣುತ್ತಿರಲಿಲ್ಲ.

ಗಂಗಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬರುವಾಗಲೇ ಸೀಮೆಸುಣ್ಣದಂತೆ ಮಂಕಾಗಿದ್ದವು. ವರ್ಷ ಕಳೆಯುವುದರಲ್ಲಿ ಅವುಗಳ ಮೇಲೆ ಕಂದು ಗೆರೆಗಳು ಎದ್ದವು, ಆಮೇಲೆ ಕಲೆಗಳು. ಓಣಿಯ ಸಣ್ಣ ಮಕ್ಕಳಲ್ಲಿ ಇನ್ನೂ ಐದಾರು ಜನಕ್ಕೆ ಹಾಗೇ ಇತ್ತು, ಆದರೆ ಪ್ರತಿ ಮನೆಯವರೂ ತಮ್ಮ ಮಗು ಹಲ್ಲು ತಿಕ್ಕುವುದಿಲ್ಲ ಎಂದೇ ನಂಬಿದರು. ಅವ್ವ ಬೂದಿಯಿಂದ ತಿಕ್ಕಿಸಿದಳು, ಇದ್ದಿಲಿನಿಂದ ತಿಕ್ಕಿಸಿದಳು. ನನ್ನ ಹಲ್ಲು ಬೆಳ್ಳಗಿದ್ದವು. ಎಂಟು ವರ್ಷ ಸವಳು ನೀರು ಕುಡಿದು ಬೆಳೆದವಳು ನಾನು. ಆದರೆ ಅದಕ್ಕೂ ಇದಕ್ಕೂ ನಂಟಿದೆ ಎಂದು ಯಾರಿಗೆ ಹೊಳೆಯಬೇಕು? ನನಗೆ ಹದಿನಾರು ವರ್ಷ, ಬುದ್ಧಿಗಿಂತ ಬಿಂಕ ಹೆಚ್ಚು. ಗಂಗಿಯ ಜಡೆಯನ್ನು ಕೈಗೆ ಸುತ್ತಿಕೊಂಡು, ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಇಟ್ಟಂಗಿ ಪುಡಿಯಲ್ಲಿ ನಾನೇ ತಿಕ್ಕಿದೆ. ಒಸಡು ಒಡೆದು ಅವಳು ಉಗುಳಿದ್ದು ಕೆಂಪಾಗಿತ್ತು. ಕಲೆ ಒಂದೂ ಹೋಗಲಿಲ್ಲ. ಹೊಲಸು ಹುಡುಗಿ ಎಂದು ಬೈದು ಎದ್ದು ಬಂದೆ.

ಆಮೇಲೆ ಮೊಣಕಾಲು. ಹತ್ತು ತುಂಬುವ ಹೊತ್ತಿಗೆ ಗಂಗಿಗೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಕಾಲು ಚಾಚಿಕೊಂಡು ಗೋಡೆಗೆ ಒರಗುತ್ತಿದ್ದಳು. ಅಪ್ಪನಿಗೆ ಅದು ಸೊಕ್ಕಾಗಿ ಕಂಡಿತು.

"ಅನ್ನದ ಮುಂದ ಕಾಲು ಚಾಚ್ತಾರೇನು? ಮಡಚಲೇ!"

"ಮಡಚಾಕ ಬರವಲ್ದಪ್ಪ."

ಮಸ್ಕಿಯ ಸಂತೆಗೆ ಹೋದಾಗ ಅವ್ವ ಅವಳನ್ನು ಒಬ್ಬ ಡಾಕ್ಟರಿಗೆ ತೋರಿಸಿದಳು. ಆತ ಕೆಂಪು ಮಾತ್ರೆ ಕೊಟ್ಟು, ನೀರು ಕುದಿಸಿ ಕುಡಿಸಿರಿ ಎಂದ. ಎಲ್ಲರಿಗೂ ಹೇಳುವ ಮಾತು ಅದು. ಅವ್ವ ಅದನ್ನು ದೇವರ ಅಪ್ಪಣೆಯಂತೆ ಹಿಡಿದಳು. ಗಂಗಿಗೆಂದೇ ಒಂದು ತಾಮ್ರದ ಚರಿಗೆ ಬೇರೆ ಇಟ್ಟಳು. ಒಂದು ಕುದಿ ಬಂದರೆ ಸಾಕಾಗಿದ್ದ ನೀರನ್ನು ಅವಳು ಮೂರು ಪಾಲು ಒಂದೂವರೆ ಪಾಲಾಗುವವರೆಗೆ, ಕಷಾಯ ಇಳಿಸಿದಂತೆ ಇಳಿಸಿದಳು. ಹೆಚ್ಚು ಕುದಿಸಿದಷ್ಟೂ ಹೆಚ್ಚು ಒಳ್ಳೆಯದು ಎಂಬುದು ಅವಳ ಲೆಕ್ಕ. ನಾವೆಲ್ಲ ಪಂಪಿನ ನೀರನ್ನು ಹಾಗೇ ಕುಡಿದೆವು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಜೋಪಾನ ಮಾಡಿದ ಮಗುವಿಗೆ ಮಾತ್ರ ಆ ಇಳಿಸಿದ ನೀರು. ಎರಡು ವರ್ಷ, ದಿನಕ್ಕೆ ಎರಡು ಸಲ. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ಎಲ್ಲರ ಮೇಲೂ ಬರುತ್ತದೆ.

ನಾನು ಆಗ ಲಿಂಗಸುಗೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೆ. ಒಂದು ದಿನ ಲ್ಯಾಬಿನಲ್ಲಿ ಉಪ್ಪುನೀರನ್ನು ಪಿಂಗಾಣಿ ಬಟ್ಟಲಿನಲ್ಲಿಟ್ಟು ಕಾಯಿಸಿದೆವು. ನೀರು ಅರ್ಧಕ್ಕೆ ಇಳಿದಾಗ ಮೇಷ್ಟ್ರು ಒಂದೊಂದು ಹನಿ ನಾಲಿಗೆಗೆ ಹಚ್ಚಿಕೊಂಡು ನೋಡಲು ಹೇಳಿದರು. ಮುಂಚಿನದಕ್ಕಿಂತ ಕಟುವಾಗಿತ್ತು.

"ಆವಿ ಆಗಿ ಹೋಗೂದು ನೀರಷ್ಟ. ಕರಗಿದ್ದು ಎಲ್ಲಿಗೂ ಹೋಗಂಗಿಲ್ಲ, ಅಲ್ಲೇ ಇರತೈತಿ. ನೀರು ಕಡಿಮಿ ಆದಂಗ ಅದು ಗಟ್ಟಿ ಆಗತೈತಿ, ತಿಳೀತಿಲ್ಲೋ?"

ಈ ಪಾಠ ನನಗೆ ಹೊಸದಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಅಂದು ಆ ಬಟ್ಟಲಿನಲ್ಲಿ ನನಗೆ ಕಂಡದ್ದು ಒಲೆಯ ಮೇಲಿನ ಗಂಗಿಯ ನೀರು. ತಂಗಿಯ ಹಲ್ಲು, ಮೊಣಕಾಲು, ಕುದಿಸುವುದು ಎಲ್ಲವನ್ನೂ ಮೇಷ್ಟ್ರಿಗೆ ಒಂದೇ ಉಸಿರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಎರಡೂ ನೀರು ತಾ ಎಂದರು. ಮುಂದಿನ ಸಲ ಊರಿಗೆ ಹೋದಾಗ ಬೋರಿನದೊಂದು, ಹಳೇ ಬಾವಿಯದೊಂದು ಬಾಟಲಿ ತುಂಬಿ ತಂದೆ. ಅವರು ಎಲ್ಲಿಗೋ ಕಳಿಸಿ ಪರೀಕ್ಷೆ ಮಾಡಿಸಿದರು. ಬೋರಿನ ನೀರಿನಲ್ಲಿ ಹಲ್ಲನ್ನೂ ಎಲುಬನ್ನೂ ಕೆಡಿಸುವ ಫ್ಲೋರೈಡು, ಮಗು ಕುಡಿಯಬಾರದಷ್ಟು. ಹಳೇ ಬಾವಿಯದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಯಾಕೆ ಹೀಗೆ ಎಂದು ಕೇಳಿದೆ. ಮೇಷ್ಟ್ರು ಹೇಳಿದ್ದನ್ನು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಬಂಡೆಯಲ್ಲಿರುವ ಫ್ಲೋರೈಡು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಎರಡೂ ಜೊತೆಯಲ್ಲಿ ಹೆಚ್ಚು ಕರಗಿರಲಾರವು. ಒಂದನ್ನೊಂದು ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಸುಣ್ಣದಂಶ ಇಲ್ಲದ ಮೆದು ನೀರಿನಲ್ಲಿ ಅದನ್ನು ಹಿಡಿಯುವವರು ಯಾರೂ ಇಲ್ಲ, ಆರಾಮಾಗಿ ಕರಗಿ ಕೂರುತ್ತದೆ. ಬೇಳೆಯನ್ನು ಬೇಯಲು ಬಿಡದೆ ಇದ್ದದ್ದೂ ಅದೇ ಸುಣ್ಣದಂಶ. ಅಂದರೆ ಯಾವ ನೀರಿಗಾಗಿ ಅವ್ವ ಹತ್ತು ವರ್ಷ ಬೈಸಿಕೊಂಡಳೋ ಅದು ನನ್ನ ಹಲ್ಲು ಕಾಯ್ದಿತ್ತು. ಯಾವ ನೀರಿಗೆ ಆರತಿ ಬೆಳಗಿದೆವೋ ಅದು ಗಂಗಿಯ ಎಲುಬಿಗೆ ಇಳಿದಿತ್ತು. ಚಿಗವ್ವನ ಮಕ್ಕಳ ಹಲ್ಲು ಥಳಥಳ ಹೊಳೆಯುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು.

ಆ ಭಾನುವಾರವೇ ಊರಿಗೆ ಹೋದೆ. ಮಧ್ಯಾಹ್ನ, ಅಪ್ಪ ಉಂಡು ಪಡಸಾಲೆಯಲ್ಲಿ ಕೂತಿದ್ದ. ಗಂಗಿ ಕಾಲು ಚಾಚಿ ಗೋಡೆಗೆ ಒರಗಿ ಪಾಠ ಬರೆಯುತ್ತಿದ್ದಳು. ನಾನು ಎರಡೂ ನೀರನ್ನು ಎರಡು ಗಿಲಾಸಿಗೆ ಹಾಕಿ ಅಪ್ಪನ ಮುಂದಿಟ್ಟು ತಿಳಿದದ್ದನ್ನೆಲ್ಲ ಹೇಳಿದೆ. ಬೋರಿನ ನೀರು ಇವತ್ತೇ ಬಿಡಬೇಕು ಎಂದೆ. ಅಪ್ಪ ಎರಡೂ ಗಿಲಾಸನ್ನು ಬೆಳಕಿಗೆ ಹಿಡಿದು ನೋಡಿದ.

"ಯಾವುದರಾಗ ಐತಿ ನಿನ್ನ ವಿಷ? ತೋರಸು."

"ಕರಗಿದ್ದು ಕಾಣಂಗಿಲ್ಲಪ್ಪ."

"ಕಾಣಂಗಿಲ್ಲ, ವಾಸನಿಲ್ಲ, ರುಚಿಯಿಲ್ಲ. ಹಂಗಾದ್ರ ಐತಿ ಅಂತ ಹೆಂಗ ಕಬೂಲ್ ಮಾಡ್ಲಿ? ಬ್ಯಾಳಿ ಬೇಯ್ತಾವಿಲ್ಲೋ?"

"ಬ್ಯಾಳಿ ಬೆಂದ್ರ ನೀರು ಛಲೋ ಅಂತಲ್ಲ!"

"ಇದನ್ನ ಆ ಈರಿ ನಿನ್ನ ಬಾಯಾಗ ಹಾಕ್ಯಾಳ. ನನ್ನ ಬೋರು ಕಂಡ್ರ ಹೊಟ್ಟಿ ಉರಿ ಅಕಿಗೆ."

ನಾನು ಕಿರುಚಿದೆ. ಪರೀಕ್ಷೆಯ ಚೀಟಿ ತೆಗೆದು ಅವನ ಮುಖಕ್ಕೆ ಹಿಡಿದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹಿಡಿದೆ. ಅವನು ಕೈ ಎತ್ತಿದ. ಆಗ ಗಂಗಿ ಗೋಡೆ ಹಿಡಿದು ಎದ್ದಳು. ಕಾಲೆಳೆಯುತ್ತ ಬಂದು ಅಪ್ಪನ ಎದುರು ನಿಂತು, ಎರಡು ಬೆರಳಿನಿಂದ ತುಟಿಗಳನ್ನು ಮೇಲಕ್ಕೂ ಕೆಳಕ್ಕೂ ಎಳೆದು ಬಾಯಿ ತೆರೆದಳು. ಅಷ್ಟು ದಿನ ಅವಳು ಯಾರ ಮುಂದೆಯೂ ಹಲ್ಲು ಬಿಟ್ಟವಳಲ್ಲ.

"ತೋರಸು ಅಂದ್ಯಲ್ಲಪ್ಪ. ಇಲ್ಲೈತಿ, ನೋಡು."

ಅಪ್ಪ ನೋಡಿದ. ಎತ್ತಿದ ಕೈ ಇಳಿಯಿತು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆ. ಅವನು ಬೋರಿನ ಗಿಲಾಸು ಎತ್ತಿ ನನ್ನನ್ನೇ ನೋಡುತ್ತ ಗಟಗಟ ಕುಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಹೋದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಹಿಂದೆ ಒಲೆಯ ಮೇಲೆ ಗಂಗಿಯ ನೀರು ಕುದಿಯುತ್ತಿತ್ತು.

"ನಾ ಕುದಿಸಿ ಕೊಟ್ಟಿದ್ದು ಛಲೋ ಆಗಿತ್ತಿಲ್ಲೇನು?"

ನಾನು ಸುಳ್ಳು ಹೇಳಬಹುದಿತ್ತು. ಅಪ್ಪನ ಮೇಲಿನ ಸಿಟ್ಟು ಇನ್ನೂ ಬಾಯಲ್ಲೇ ಇತ್ತು, ಅದು ಅವ್ವನ ಮೇಲೆ ಬಿತ್ತು.

"ಇಲ್ಲ. ನೀ ಕುದಿಸಿದ್ದಕ್ಕ ಇನ್ನಷ್ಟು ಜಾಸ್ತಿ ಆತು."

ಅವ್ವ ಅಳಲಿಲ್ಲ. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಬಚ್ಚಲಿಗೆ ಸುರಿದಳು. ಕೊಡ ತೆಗೆದುಕೊಂಡು, ಹನ್ನೆರಡು ವರ್ಷದಿಂದ ಕಾಲಿಡದ ಚಿಗವ್ವನ ಅಂಗಳಕ್ಕೆ ಹೋದಳು. ನಮ್ಮ ಬಾವಿ ಹಗ್ಗ ಯಾವತ್ತೋ ಇಲಿ ಕಡಿದು ಹೋಗಿತ್ತು. ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡೆ.

"ಹಗ್ಗ ಕೊಡವ್ವಾ ಈರವ್ವ."

"ಯಾಕ, ನಿಮ್ಮ ಗಂಗಿ ಬತ್ತಿ ಹೋದಳೇನು?"

"ನನ್ನ ಮಗಳ ಕಾಲು ಹೋಗ್ಯಾವ. ಹಳೇ ಬಾವಿ ನೀರು ಬೇಕು. ಇನ್ನೇನರ ಅನ್ನೂದಿದ್ರ ಅನ್ನು, ಆಮ್ಯಾಲೆ ಹಗ್ಗ ಕೊಡು."

ಗೂಟದಿಂದ ಹಗ್ಗ ಎಳೆದ ಸದ್ದು ಕೇಳಿಸಿತು. ಆಮೇಲೆ ಚಿಗವ್ವನೇ ಹೇಳಿದಳು.

"ನಾ ಏನು ತಿಳದು ಕುಡದಿಲ್ಲ ಯಕ್ಕಾ. ಹಟಕ್ಕ ಕುಡದೀನಿ. ನಡಿ, ಕೂಡೇ ಹೋಗೂಣು."

ಆ ಸಂಜೆಯ ಬೇಳೆ ಬೇಯಲಿಲ್ಲ, ತಟ್ಟೆ ಹಾರಿತು. ಅವ್ವ ಅದನ್ನು ಎತ್ತಿ ತೊಳೆದಿಟ್ಟು ಮರುದಿನ ಮತ್ತೆ ಹಳೇ ಬಾವಿಗೆ ಹೋದಳು. ಹಾಗೆಯೇ ಬದುಕಿರುವವರೆಗೆ ಹೋದಳು. ಅಪ್ಪ ತನ್ನ ಬೋರನ್ನು ಬಿಡಲಿಲ್ಲ. ಬೆನ್ನು ಬಾಗಿ, ಕುತ್ತಿಗೆ ತಿರುಗಿಸಲಾಗದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುವಂತಾದ ಮೇಲೂ ವಯಸ್ಸಾತು ಎಂದನೇ ಹೊರತು ನೀರು ಎನ್ನಲಿಲ್ಲ. ಗಂಗಿಯ ಮೊಣಕಾಲಿನ ನೋವು ನಾಲ್ಕೈದು ವರ್ಷಕ್ಕೆ ಸ್ವಲ್ಪ ಸಡಿಲಾಯಿತು. ಹಲ್ಲು ಹಾಗೇ ಉಳಿದವು. ಒಮ್ಮೆ ಹಾಗೆ ಕಟ್ಟಿಕೊಂಡ ಹಲ್ಲನ್ನು ಯಾವ ನೀರೂ ತಿದ್ದುವುದಿಲ್ಲ.

ಈಗ ಗಂಗಿ ಮಸ್ಕಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಸೊಸೆ ಬಂದಿದ್ದಾಳೆ, ಮೊಮ್ಮಗು ಓಡಾಡುತ್ತಿದೆ. ಇದನ್ನು ಬರೆಯಲು ಕೂತ ಮೇಲೆ ಹೋದ ತಿಂಗಳು ಅವಳ ಅಂಗಡಿಗೆ ಹೋಗಿದ್ದೆ. ಅವಳು ಮಶಿನ್ ನಿಲ್ಲಿಸದೆ ಮಾತಾಡುತ್ತಿದ್ದಳು. ನಾನು ಮೂವತ್ತು ವರ್ಷ ಕ್ಲಾಸಿನಲ್ಲಿ ಯಾರ ಮುಂದೆಯೂ ತಡವರಿಸಿದವಳಲ್ಲ, ಅಲ್ಲಿ ತಡವರಿಸಿದೆ. ಜಡೆ ಹಿಡಿದು ಇಟ್ಟಂಗಿ ಪುಡಿಯಲ್ಲಿ ತಿಕ್ಕಿದ್ದಕ್ಕೆ ತಪ್ಪಾಯಿತು ಎಂದೆ. ಅವಳು ಮಶಿನ್ ನಿಲ್ಲಿಸಿದಳು.

"ಅದು ನನಗ ನೆನಪ ಇಲ್ಲಕ್ಕಾ. ಆವಾಗ ನಿನಗೂ ಗೊತ್ತಿದ್ದಿಲ್ಲ. ನಿನ್ನ ಮದಿವ್ಯಾಗ ಫೋಟೋ ತೆಗಿಯೋ ಮುಂದ ನನ್ನ ಕಿವ್ಯಾಗ ಏನಂದಿ, ಅದು ನೆನಪೈತಿ."

ನನಗೆ ನೆನಪಿರಲಿಲ್ಲ. ಏನೆಂದೆ ಎಂದು ಕೇಳಿದೆ.

"ಬಾಯಿ ಮುಚ್ಚಿಕೊಂಡು ನಿಂದ್ರು ಗಂಗಿ, ಅಂದಿ."

ಅವಳು ದಾರ ಕಡಿದು ಮತ್ತೆ ಹೊಲಿಯತೊಡಗಿದಳು. ನನ್ನ ಮದುವೆಯಾದದ್ದು ಬಿ.ಎಸ್ಸಿ. ಮುಗಿದ ಮೇಲೆ, ಆ ಎರಡು ಗಿಲಾಸಿನ ಮಧ್ಯಾಹ್ನ ಕಳೆದು ಎರಡು ವರ್ಷಕ್ಕೆ. ಆ ಹಲ್ಲು ಯಾಕೆ ಹಾಗಾಗಿವೆ ಎಂದು ಇಡೀ ಊರಿನಲ್ಲಿ ಮೊದಲು ತಿಳಿದು ಹೇಳಿದವಳು ನಾನೇ.